ಮೆಟ್ಟಿಲಿಲ್ಲದ ದಾರಿ

"ಯಾರ್ರೀ ಇದನ್ನ ಬರೆದಿದ್ದು?"

ಕೌಂಟರಿನ ಮೇಲೆ ಪುಸ್ತಿಕೆ ಬಂದು ಬಿದ್ದ ಸದ್ದಿಗೆ ಪ್ರವಾಸಿ ಮಾಹಿತಿ ಕೇಂದ್ರದಲ್ಲಿದ್ದ ನಾಲ್ಕೈದು ಜನ ತಿರುಗಿ ನೋಡಿದರು.

ಅವಳು ತಲೆಯೆತ್ತಿದಳು. ಎದುರಿಗಿದ್ದವನಿಗೆ ಮೂವತ್ತೆರಡೋ ಮೂವತ್ತಮೂರೋ. ಅಂಗಿಯ ಜೇಬಿನಿಂದ ಬೀಗದ ಕೈಗೊಂಚಲು ಇಣುಕುತ್ತಿತ್ತು. ಮುಖ ಕೆಂಪೇರಿತ್ತು.

"ನಾನೇ. ಏನು ತಪ್ಪಾಗಿದೆ ಹೇಳಿ."

"ನಮ್ಮ ಲಾಡ್ಜಿಂದ ಮ್ಯೂಸಿಯಮ್ಮಿಗೆ ನಡೆದು ಹೋಗೋಕೆ ಹದಿನಾಲ್ಕು ನಿಮಿಷ ಅಂತ ಹಾಕಿದ್ದೀರ! ನಾನು ದಿನಾ ಓಡಾಡೋ ದಾರಿ ಅದು. ಏಳು ನಿಮಿಷ ಸಾಕು! ಇದನ್ನ ಅಳೆದಿದ್ದು ಮನುಷ್ಯರಾ... ಬಸವನಹುಳುನಾ?"

ಯಾರೋ ಕಿಸಕ್ಕೆಂದು ನಕ್ಕರು.

ಆ ಪುಸ್ತಿಕೆಯನ್ನು ಅವಳು ಒಂದು ವರ್ಷ ಕೂತು, ಅದಕ್ಕಿಂತ ಹೆಚ್ಚಾಗಿ ನಡೆದು, ತಯಾರಿಸಿದ್ದಳು. ನಗರದ ನಡುಭಾಗದಲ್ಲಿ ಇಳಿದುಕೊಳ್ಳುವ ಹೋಟೆಲುಗಳು, ಅಲ್ಲಿಂದ ಮ್ಯೂಸಿಯಂ, ಗಡಿಯಾರದ ಗೋಪುರ, ಕೆರೆಯ ಉದ್ಯಾನ, ನಾಟಕಶಾಲೆಗಳಿಗೆ ಕಾಲ್ನಡಿಗೆಯಲ್ಲಿ ಎಷ್ಟು ಹೊತ್ತು ಎಂಬ ಪಟ್ಟಿ ಅದರಲ್ಲಿತ್ತು. ಹತ್ತು ನಿಮಿಷದೊಳಗಿನ ಹೋಟೆಲುಗಳಿಗೆ ಮೊದಲ ಪುಟ. ಉಳಿದವಕ್ಕೆ ಕೊನೆಯ ಪುಟ. ಕೊನೆಯ ಪುಟದವರೆಗೆ ಓದುವ ತಾಳ್ಮೆ ಪ್ರವಾಸಿಗರಿಗೆ ಎಲ್ಲಿಂದ ಬರಬೇಕು? ಅವನ ಹದಿನೆಂಟು ಕೋಣೆಗಳಲ್ಲಿ ಆ ವಾರ ಹನ್ನೊಂದು ಖಾಲಿ ಬಿದ್ದಿದ್ದವು.

ಅವಳು ಡ್ರಾಯರಿನಿಂದ ಸ್ಟಾಪ್‌ವಾಚ್ ತೆಗೆದುಕೊಂಡಳು.

"ಬನ್ನಿ. ಇನ್ನೊಂದು ಸಲ ಅಳೆಯೋಣ."

ಕೌಂಟರನ್ನು ಸುತ್ತಿಕೊಂಡು ಅವಳು ಈಚೆ ಬಂದಾಗ ಅವನು ನೋಡಿದ. ಎಡಗಾಲಿನ ಶೂವಿನ ಅಟ್ಟೆ ಬಲಗಾಲಿನದಕ್ಕಿಂತ ಮೂರು ಬೆರಳು ದಪ್ಪ. ಒಂದು ಹೆಜ್ಜೆ ನೇರ, ಮುಂದಿನದಕ್ಕೆ ಇಡೀ ಮೈ ಒಂದು ಬದಿಗೆ ವಾಲುತ್ತಿತ್ತು.

ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ. ನೆಲ ಬಾಯಿ ಬಿಡಲಿಲ್ಲ. ಅವನು ಅವಳ ಹಿಂದೆ ನಡೆಯಬೇಕಾಯಿತು.

ಲಾಡ್ಜಿನ ಬಾಗಿಲಲ್ಲಿ ಅವಳು ಸ್ಟಾಪ್‌ವಾಚಿನ ಗುಂಡಿ ಒತ್ತಿದಳು. ಅವನು ಹೆಜ್ಜೆ ನಿಧಾನ ಮಾಡಿದ.

"ನನಗೋಸ್ಕರ ನಿಧಾನ ಮಾಡ್ಬೇಡಿ. ನಿಮ್ಮ ನಡಿಗೆ ನೀವು ನಡೀರಿ."

"ಇಲ್ಲ... ನಾನು ಯಾವಾಗ್ಲೂ ಹೀಗೇ..."

"ಹಾಗಾದ್ರೆ ಏಳು ನಿಮಿಷ ಹೆಂಗಾಯ್ತು?"

ಅವನು ಜೇಬಿನ ಕೈಗೊಂಚಲನ್ನು ಒಳಗೆ ತಳ್ಳಿದ.

ಸಿಗ್ನಲ್ಲಿನ ಹಸಿರು ದೀಪ ಅವಳು ರಸ್ತೆಯ ಅರ್ಧಕ್ಕೆ ಬರುವಷ್ಟರಲ್ಲಿ ಕೆಂಪಾಯಿತು. ಸಬ್‌ವೇಯಲ್ಲಿ ಇಳಿಯಲು ಇಪ್ಪತ್ತೆರಡು ಮೆಟ್ಟಿಲು, ಹತ್ತಲು ಇಪ್ಪತ್ತೆರಡು. ಹತ್ತುವ ಕಡೆ ಒಬ್ಬ ಅಜ್ಜಿ ಕಂಬಿ ಹಿಡಿದು ಏದುಸಿರು ಬಿಡುತ್ತಿದ್ದರು. ಮಗ ಎರಡು ಸೂಟ್‌ಕೇಸು ಮೇಲಿಟ್ಟು ತಾಯಿಗಾಗಿ ಮತ್ತೆ ಕೆಳಗಿಳಿಯುತ್ತಿದ್ದ. ಹತ್ತು ವರ್ಷಗಳಿಂದ ಆ ಮೆಟ್ಟಿಲುಗಳನ್ನು ಎರಡೆರಡಾಗಿ ಹಾರಿಕೊಂಡು ಹೋಗುತ್ತಿದ್ದವನು ಅವತ್ತು ಮೊದಲ ಸಲ ಅವನ್ನು ಎಣಿಸಿದ.

ಮ್ಯೂಸಿಯಮ್ಮಿನ ಗೇಟು. ಹದಿಮೂರು ನಿಮಿಷ, ಐವತ್ತು ಸೆಕೆಂಡು.

"ಕ್ಷಮಿಸಿ ಮೇಡಂ. ನಾಲಿಗೆ ಜಾರ್ತು."

"ಜಾರಲಿಲ್ಲ. ಚೆನ್ನಾಗೇ ಓಡ್ತು!" ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಲೇ ಹೇಳಿದಳು. "ನೋಡಿ, ಬೇಗ ತಲುಪಿದವರು ಯಾರೂ ವಾಪಸ್ ಬಂದು ಬೈಯಲ್ಲ. ತಡ ಆದವರು ಮುಚ್ಚಿದ ಬಾಗಿಲು ನೋಡಿ ಹೋಗ್ತಾರೆ. ನಾನು ಬರೆಯೋದು ಅವರಿಗೋಸ್ಕರ."

ಅವನು ಸಬ್‌ವೇಯ ಕಡೆ ತಿರುಗಿ ನೋಡಿದ. ಆಮೇಲೆ ಕೇಳಿದ.

"ವಾಪಸ್ ಬೇರೆ ದಾರೀಲಿ ಹೋಗೋಣ್ವಾ? ಅಂಚೆ ಕಚೇರಿ ಹಿಂದೆ ಒಂದು ಗಲ್ಲಿ ಇದೆ. ಬೈಂಡಿಂಗ್ ಅಂಗಡಿಗಳು. ನೋಡೋಕೆ ಚೆಂದ ಇಲ್ಲ. ಆದ್ರೆ... ಮೆಟ್ಟಿಲಿಲ್ಲ."

ಆ ಗಲ್ಲಿಯಲ್ಲಿ ಅವಳ ನಡಿಗೆಗೆ ಒಂಬತ್ತೇ ನಿಮಿಷವಾಯಿತು! ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳಿಗೆ ನಗು ತಡೆಯಲಾಗಲಿಲ್ಲ.

'ಇವನು ಒರಟ... ಆದರೆ ಪೂರ್ತಿ ಒರಟನಲ್ಲ' ಅಂದುಕೊಂಡಳು.

ಮುಂದಿನ ಎರಡು ತಿಂಗಳು, ಮಧ್ಯಾಹ್ನ ಕೋಣೆಗಳು ಖಾಲಿಯಾಗಿ ಹೊಸಬರು ಬರುವ ಮುನ್ನ ಸಿಗುವ ಒಂದು ಗಂಟೆ ಬಿಡುವಿನಲ್ಲಿ, ಅವನು ಅವಳ ಜೊತೆ ನಡೆದ. ಮೆಟ್ಟಿಲಿಲ್ಲದ ದಾರಿಗಳೇ ಇಬ್ಬರ ಹುಡುಕಾಟವಾಯಿತು. ಗಡಿಯಾರದ ಗೋಪುರಕ್ಕೆ ಬಟ್ಟೆ ಮಾರುಕಟ್ಟೆಯೊಳಗಿಂದ. ಕೆರೆಗೆ ಗ್ರಂಥಾಲಯದ ಹಿಂಬಾಗಿಲಿನಿಂದ. ಎಲ್ಲಿ ಕಲ್ಲುಬೆಂಚು, ಎಲ್ಲಿ ನೆರಳು, ಯಾವ ಅಂಗಡಿಯವನು ಕೇಳಿದರೆ ನೀರು ಕೊಡುತ್ತಾನೆ, ಎಲ್ಲವೂ ನೋಟ್‌ಬುಕ್ಕಿಗೆ ಬಂದವು.

ಅವನು ಒಮ್ಮೆಯೂ ಕೈ ಹಿಡಿಯಲು ಬರಲಿಲ್ಲ. ಅವಳು ಎಡವಿದಾಗ ನಿಂತ, ಅಷ್ಟೇ. ಅದು ಅವಳಿಗೆ ಹಿಡಿಸಿತು.

ಅವಳಿದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕನ ಕಣ್ಣು ತಪ್ಪಿಸುವುದು ಸುಲಭವಲ್ಲ.

"ಏನೇ, ಈಗೀಗ ಆಫೀಸಿಗೆ ಹೊರಡೋ ಮುಂಚೆ ಕನ್ನಡಿ ಮುಂದೆ ಹತ್ತು ನಿಮಿಷ! ಅದನ್ನೂ ಅಳೆದು ಬರಿ."

"ಸುಮ್ನಿರೇ ಅಕ್ಕ..."

ಕೆನ್ನೆ ಬಿಸಿಯಾಯಿತು. ತನಗೂ ಹೀಗೆಲ್ಲ ಆಗುತ್ತದೆಯೇ? ನೋಡಲು ಬಂದ ಮೂರು ಗಂಡಿನ ಕಡೆಯವರೂ ಅವಳ ಮುಖಕ್ಕಿಂತ ಮೊದಲು ಶೂ ನೋಡಿದ್ದರು. ಆಮೇಲೆ ಅವಳು ಆಸೆಯ ಲೆಕ್ಕಾಚಾರವನ್ನೇ ಬಿಟ್ಟಿದ್ದಳು.

ಒಂದು ಸೋಮವಾರ ಬೆಳಿಗ್ಗೆ ಮೇಲಧಿಕಾರಿ ಅವಳನ್ನು ಒಳಗೆ ಕರೆದರು.

"ಇವತ್ತಿಂದ ನೀವು ಫೋನ್ ಟೇಬಲ್ಲಿಗೆ ಬನ್ನಿ ಅಮ್ಮಾ. ಅಳತೆಗೆ ಬೇರೆಯವರನ್ನ ಹಾಕ್ತೀನಿ. ಆ ಲಾಡ್ಜಿನವರು ಪತ್ರ ಬರೆದಿದ್ದಾರೆ... ನಿಮ್ಮ ಕಾಲಿನ ವಿಷಯ. ನನಗೇ ತೋಚಬೇಕಿತ್ತು. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು."

ಅವಳು ಹೊರಗೆ ಬಂದಳು.

'ಎರಡು ತಿಂಗಳು ಪಕ್ಕದಲ್ಲಿ ನಡೆದು... ಇದನ್ನೇ ನೋಡ್ತಿದ್ನಾ? ಅಯ್ಯೋ ಪಾಪ ಅಂತ?'

ಮಧ್ಯಾಹ್ನ ಎಂದಿನಂತೆ ಅವನು ಬಂದು ನಿಂತ. ಅವಳು ಏಳಲಿಲ್ಲ.

"ಪತ್ರ ಬರೆದ್ರಂತೆ?"

"ಹೌದು. ನಿಮಗೆ ಹೇಳೋಣ ಅಂತಿದ್ದೆ, ಅಷ್ಟರಲ್ಲಿ..."

"ನಿಮ್ಮ ಕರುಣೆ ನನಗೆ ಬೇಡ! ನನ್ನ ಕಾಲು ಊರಿನ ಮುಂದೆ ಹರವೋಕೆ ನೀವ್ಯಾರು?"

"ಮೇಡಂ, ಆ ಪತ್ರ ನೀವು ಓದಿದ್ರಾ?"

"ಓದೋಕೆ ಏನಿದೆ ಅದ್ರಲ್ಲಿ? ಹೋಗಿ ಇಲ್ಲಿಂದ."

ಅವನು ಇನ್ನೇನೋ ಹೇಳಲು ಬಾಯಿ ತೆರೆದ. ಕೌಂಟರಿನ ಸರತಿಯಲ್ಲಿದ್ದವರು ನೋಡುತ್ತಿದ್ದರು. ಅವನು ಹೊರಟುಹೋದ.

ಫೋನ್ ಟೇಬಲ್ಲಿನಲ್ಲಿ ಹನ್ನೊಂದು ದಿನ ಕಳೆದವು. ಹನ್ನೆರಡನೆಯ ದಿನ ಒಬ್ಬ ಹೆಂಗಸು ಕರೆ ಮಾಡಿದರು.

"ನಮ್ಮಮ್ಮನಿಗೆ ಮಂಡಿ ನೋವು ಕಣಮ್ಮಾ. ಆದ್ರೂ ಮ್ಯೂಸಿಯಂ ನೋಡ್ಲೇಬೇಕಂತೆ, ನಡೆದೇ ಹೋಗ್ಬೇಕಂತೆ! ಮೆಟ್ಟಿಲು ಕಾಟ ಇಲ್ಲದ ಹೋಟೆಲ್ ಇದ್ಯಾ?"

ಪಟ್ಟಿ ನೋಡಬೇಕಾಗಿರಲಿಲ್ಲ. ಬಾಯಿಗೆ ಬಂದದ್ದು ಒಂದೇ ಹೆಸರು. ಕೋಪ ಕೋಪವೇ, ನಿಜ ನಿಜವೇ. ಅವಳು ಅವನ ಲಾಡ್ಜಿನ ಫೋನ್ ನಂಬರು ಕೊಟ್ಟಳು. ಅಂಚೆ ಕಚೇರಿ ಹಿಂದಿನ ಗಲ್ಲಿಯ ದಾರಿಯನ್ನೂ ಹೇಳಿದಳು.

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಕೈ ಅದರ ಮೇಲೆಯೇ ಇತ್ತು. 'ಓದಿದ್ರಾ' ಅಂತ ಕೇಳಿದ್ದನಲ್ಲ...

ಎದ್ದು ಹೋಗಿ ಕಡತ ತೆಗೆಸಿದಳು. ಒಂದೇ ಹಾಳೆ, ದುಂಡು ಅಕ್ಷರ.

"ಎರಡು ತಿಂಗಳ ಹಿಂದೆ ಕೌಂಟರಿನಲ್ಲಿ ನಾನು ಕೊಟ್ಟಿದ್ದ ದೂರನ್ನು ವಾಪಸ್ ಪಡೆಯುತ್ತಿದ್ದೇನೆ. ಅಳತೆ ಮಾಡುವವರಿಗೆ ಒಂದು ಕಾಲು ಗಿಡ್ಡ ಎಂಬುದು ದೂರು ಕೊಡುವಾಗ ನನಗೆ ತಿಳಿದಿರಲಿಲ್ಲ."

ಅಲ್ಲಿಗೆ ಮೊದಲ ಪ್ಯಾರಾ ಮುಗಿದಿತ್ತು. ಕೆಳಗೆ ಇನ್ನೊಂದಿತ್ತು.

"ಅವರು ಬರೆದ ನಿಮಿಷಗಳೇ ಸರಿ. ನಾನು ಹತ್ತು ವರ್ಷ ನೋಡದ ಹಳ್ಳ, ಕಲ್ಲು, ಮೆಟ್ಟಿಲುಗಳನ್ನು ಅವರು ಒಂದೇ ದಿನದಲ್ಲಿ ತೋರಿಸಿದರು. ನನ್ನಂಥ ದಾಪುಗಾಲಿನವರಿಗೆ ಪುಸ್ತಿಕೆಯೇ ಬೇಕಿಲ್ಲ. ಬೇಕಾಗಿರುವುದು ನಿಧಾನವಾಗಿ ನಡೆಯುವವರಿಗೆ. ನಮ್ಮ ಲಾಡ್ಜನ್ನು ಯಾವ ಪುಟದಲ್ಲಾದರೂ ಹಾಕಿ. ಅಳೆಯುವವರನ್ನು ಮಾತ್ರ ದಯವಿಟ್ಟು ಬದಲಾಯಿಸಬೇಡಿ."

ಅಕ್ಷರಗಳು ಕಲಸಿಹೋದವು. ಕಣ್ಣು ಒರೆಸಿಕೊಂಡು, ಅವಳು ನೇರವಾಗಿ ಮೇಲಧಿಕಾರಿಯ ಕೋಣೆಗೆ ನಡೆದು ಹಾಳೆಯನ್ನು ಮೇಜಿನ ಮೇಲಿಟ್ಟಳು.

"ಸರ್, ಪೂರ್ತಿ ಓದಿದ್ರಾ?"

ಅವರು ಓದಿದರು. ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ಮೊದಲ ಪ್ಯಾರಾ ನೋಡಿ, ಆತುರಪಟ್ಟೆ ಅಮ್ಮಾ..."

"ಅಳತೆ ಕೆಲಸ ನನಗೆ ವಾಪಸ್ ಬೇಕು ಸರ್. ಕಷ್ಟ ಆದ್ರೆ ನಾನೇ ಹೇಳ್ತೀನಿ. ನನ್ನ ಪರವಾಗಿ ಬೇರೆ ಯಾರೂ ಹೇಳೋದು ಬೇಡ."

"ಆಗ್ಲಿ," ಎಂದರು ಅವರು, ಸಣ್ಣ ದನಿಯಲ್ಲಿ.

ಲಾಡ್ಜಿನ ಮುಂಬಾಗಿಲು ತೆರೆದೇ ಇತ್ತು. ಅವನು ಒಗೆದು ಬಂದ ಬೆಡ್‌ಶೀಟುಗಳನ್ನು ಎಣಿಸುತ್ತಿದ್ದ. ಅವಳನ್ನು ಕಂಡು ಎಣಿಕೆ ತಪ್ಪಿತು.

"ಪತ್ರ ಓದಿದೆ," ಎಂದಳು.

ಅವನು ಕೈಯಲ್ಲಿದ್ದ ಬೆಡ್‌ಶೀಟು ಕೆಳಗಿಟ್ಟ.

"ಚೆನ್ನಾಗಿ ಬರೆದಿದ್ದೀರ. ಆದ್ರೂ ನನ್ನ ಕೇಳದೆ ನನ್ನ ಕಾಲಿನ ಬಗ್ಗೆ ಬರೆದದ್ದು ತಪ್ಪು."

"ತಪ್ಪೇ. ಹನ್ನೆರಡು ದಿನದಿಂದ ಅದನ್ನೇ ಯೋಚಿಸ್ತಿದ್ದೀನಿ. ಒಳ್ಳೇದು ಮಾಡ್ತಿದ್ದೀನಿ ಅನ್ನೋ ಜಂಬದಲ್ಲಿ ಕೇಳ್ಬೇಕು ಅಂತಾನೇ ಹೊಳೀಲಿಲ್ಲ."

"ನನ್ನದೂ ತಪ್ಪಿದೆ. ಓದದೆ ಬೈದೆ."

"ಬೈಯೋದು ಪರವಾಗಿಲ್ಲ. ಮಧ್ಯಾಹ್ನ ಆದ್ರೆ..." ಅವನು ಒಂದು ಬೆಡ್‌ಶೀಟನ್ನು ಮಡಚಿದ. ಮಡಚಿದ್ದನ್ನೇ ಬಿಡಿಸಿದ. "ಮಧ್ಯಾಹ್ನ ಆದ್ರೆ ಏನು ಮಾಡ್ಬೇಕೋ ಗೊತ್ತಾಗಲ್ಲ. ಒಬ್ಬನೇ ಆ ಗಲ್ಲೀಲಿ ಹೋಗಿ ಬರ್ತೀನಿ. ಬೈಂಡಿಂಗ್ ಅಂಗಡಿಯವರು 'ಎಲ್ಲಿ ಅವರು?' ಅಂತ ಕೇಳ್ತಾರೆ. ಏನಂತ ಹೇಳ್ಲಿ?"

ಅವನು ತಲೆಯೆತ್ತಿ ಅವಳನ್ನೇ ನೋಡಿದ.

"ಇದು ಕರುಣೆ ಅಲ್ಲ ಮೇಡಂ. ಕರುಣೆ ಆಗಿದ್ರೆ ರಾತ್ರಿ ನಿದ್ದೆ ಬರ್ತಿತ್ತು. ನನಗೆ ನೀವು ಇಷ್ಟ. ತುಂಬಾ ಇಷ್ಟ. ಮದುವೆ ಆಗೋಷ್ಟು."

ಹೊರಗೆ ರಸ್ತೆಯಲ್ಲಿ ಯಾರೋ ಹಾರ್ನ್ ಹೊಡೆದರು. ಆ ಸದ್ದು ಅಡಗಿತು. ಅವಳು ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದಳು.

"ನೀನು ಮಡಚೋದು ನೋಡಿದ್ರೆ ಸಂಜೆವರೆಗೂ ಮುಗಿಯಲ್ಲ. ಆ ಕಡೆ ಸರಿಯಾಗಿ ಹಿಡ್ಕೋ."

ಅವನು ಬೆಚ್ಚಿದ. "ಏನಂದ್ರಿ?"

"ಹಿಡ್ಕೋ ಅಂದೆ."

"ಅಲ್ಲ... 'ನೀನು' ಅಂದ್ರಿ."

"ಅಂದೆ. ಈಗ ನೀನೂ ಅನ್ನು."

ಅವನು ಬಾಯಿ ತೆರೆದ. ಕೌಂಟರಿನಲ್ಲಿ ಎಲ್ಲರೆದುರು ಕೂಗಾಡಿದ್ದವನಿಗೆ ಎರಡಕ್ಷರ ಗಂಟಲಲ್ಲೇ ಸಿಕ್ಕಿಕೊಂಡಿತು.

"ನೀ... ನೀವು..."

"ಊಹ್ಞೂಂ."

"ನೀನು," ಎಂದ ಕೊನೆಗೆ, ಬಹಳ ಮೆಲ್ಲಗೆ.

"ಹಾಂ," ಎಂದಳು ಅವಳು. "ಹೇಳು."