ಉಡಿಗೆ ಬಿದ್ದ ಮರಿ

"ಉಡ್ಯಾಗ ಏನ್ ಹಾಕಿದ್ರೂ ತೊಗೋರಿ ಅಕ್ಕಾರ. ಬೆಕ್ಕಿನ ಮರಿ ಹಾಕಿದ್ರ ಮಾತ್ರ ಒಲ್ಲೆ ಅನ್ರಿ," ಅಂದಳು ಭಾಂಡೆ ತಿಕ್ಕುವ ಗದಿಗೆಮ್ಮ. ಮನೆಯೊಡತಿಯ ಮಗ ಮನೋಜ ಗಬ್ಬದ ಬೆಕ್ಕೊಂದನ್ನು ಬಡಿದು ಕೊಂದನಂತೆ. ಕಾಶಿಗೆ ಹೋಗಿ ಬಂಗಾರದ ಬೆಕ್ಕು ದಾನ ಕೊಡಲಿಲ್ಲವಂತೆ. ಅಂದಿನಿಂದ ಅವನ ಹೆಂಡತಿ ಭಾಗ್ಯಶ್ರೀಗೆ ಮೂರು ಸಲ ಐದನೇ ತಿಂಗಳಲ್ಲೇ ಬಸಿರು ಇಳಿಯಿತಂತೆ. ಇನ್ನೊಬ್ಬ ಬಸುರಿ ಮನಸಾರೆ ಉಡಿ ಒಡ್ಡಿ ಮರಿ ತೆಗೆದುಕೊಂಡರೆ ಆ ಪಾಪ ಅವಳಿಗೆ ದಾಟುತ್ತದಂತೆ.

ಬಸುರಿ ಸುಹಾಸಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗದೆ ಏನು ಮಾಡ್ಯಾಳು? ಸಾಹಿತ್ಯದಲ್ಲಿ ಬರುವ ಬೆಕ್ಕಿನ ಮೇಲೆಯೇ ಪಿಎಚ್.ಡಿ. ಬರೆಯುತ್ತ ಕಾಚಿಗೂಡದ ಈ ಹಳೇ ಮನೆಗೆ ಬಾಡಿಗೆಗೆ ಬಂದವಳು. ಈಜಿಪ್ಟಿನಲ್ಲಿ ದೇವರಾದದ್ದು, ಯುರೋಪಿನಲ್ಲಿ ಮಾಟಗಾತಿಯರ ಜೊತೆ ಬೆಂಕಿಗೆ ಬಿದ್ದದ್ದು, ನಮ್ಮ ಕತೆಗಳಲ್ಲಿ ಜಪಸರ ಹಿಡಿದು ಇಲಿ ನುಂಗಿದ್ದು, ಪಾಪ, ಆ ಪ್ರಾಣಿಯ ತಲೆಗೆ ಏನೆಲ್ಲ ಕಟ್ಟಿದ್ದಾರೆ! ಗದಿಗೆಮ್ಮನ ಮಾತನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು.

ಮೇಲಾಗಿ, ಮನೆಯೊಡತಿ ಕೋಕಿಲಾಬಾಯಿಯ ಮೇಲೆ ಅನುಮಾನ ಪಡುವುದೇ? ತಾಯಿಯಿಲ್ಲದ ಸುಹಾಸಿನಿಗೆ ಬಯಕೆಯ ಊಟ ಉಣಿಸಿದವಳು, ಗಂಡ ಶಂಶಾಬಾದಿನ ಡ್ಯೂಟಿಗೆ ಹೋದಾಗ ತಲೆಗೆ ಎಣ್ಣೆ ಹಚ್ಚಿ ಕತೆ ಹೇಳಿದವಳು. ನೀನು ನನ್ನ ಮಗಳೇ ಎಂದು, ಐದು ತುಂಬಿದಾಗ ಉಡಿ ತುಂಬುವ ಕುಬಸವನ್ನೂ ತಾನೇ ಮಾಡುತ್ತೇನೆಂದಳು. ಆ ಮಾತಿಗೆ ಸುಹಾಸಿನಿ ಅತ್ತೇಬಿಟ್ಟಿದ್ದಳು. ಭಾಗ್ಯಶ್ರೀಗೂ ಆಗ ಐದನೇ ತಿಂಗಳೇ.

ಕುಬಸದ ದಿನ ದೀಪ ಹಚ್ಚುವ ಹೊತ್ತಿಗೆ ಕರೆಂಟು ಹೋಯಿತು. ಹಸಿರು ಸೀರೆ, ಹಸಿರು ಬಳೆ, ಉಸಿರುಕಟ್ಟಿಸುವ ಲೋಬಾನದ ಹೊಗೆ. ಕೋಕಿಲಾಬಾಯಿ ಉಡಿಗೆ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲು ಹಾಕಿದಳು, ಉತ್ತತ್ತಿ, ಅರಿಶಿನಬೇರು. ಆಮೇಲೆ ಬೆಚ್ಚಗಿನದೇನೋ ಬಿತ್ತು. ಕಣ್ಣು ತೆರೆಯದ ಕರಿ ಮರಿ. ಹಸಿ ಮಾಸಿನ ವಾಸನೆ ಗಪ್ಪನೆ ಮೂಗಿಗೆ ಬಡಿಯಿತು.

"ಉಡಿಗೆ ಬಂದದ್ದು ಹಿಂದಕ್ಕ ಕೊಡಬಾರದವ್ವಾ," ಅಂದಳು ಕೋಕಿಲಾಬಾಯಿ.

ಗದಿಗೆಮ್ಮನ ಮಾತು ನೆನಪಾಯಿತು, ನಗುವೂ ಬಂತು. ಇಷ್ಟು ಅಕ್ಕರೆಯಿಂದ ಕೊಟ್ಟಿದ್ದನ್ನು ಹೇಗೆ ತಳ್ಳುವುದು? "ಇರ್ಲಿ ಬಿಡವ್ವಾ, ನನ್ನ ಕಡೇನ ಇರ್ಲಿ," ಎಂದು ಸೆರಗು ಮುಚ್ಚಿದಳು.

ಮರಿ ಒಮ್ಮೆ ಹೊರಳಿತು. ಸುಹಾಸಿನಿ ಕೈಯಾಡಿಸಿದಳು. ಅಕ್ಕಿ ಇತ್ತು. ಕೊಬ್ಬರಿ ಇತ್ತು. ಮರಿ ಇರಲಿಲ್ಲ. ಹೊಟ್ಟೆಯ ಒಳಗೋಡೆಗೆ ಉಗುರು ಗೀರಿತು. ಮತ್ತೊಮ್ಮೆ ಗೀರಿತು. ಮುಂಜಾನೆಯಿಂದ ಒದೆಯುತ್ತಿದ್ದ ಕೂಸು ಸುಮ್ಮನಾಯಿತು. ಅದುಮಿದಳು. ತಟ್ಟಿದಳು. ಹೆಸರಿಡದ ಕೂಸನ್ನು ಏನಂತ ಕರೆಯಬೇಕು? ಒಳಗಿನಿಂದ ಗುರ್ ಗುರ್ ಎಂಬ ಸದ್ದಷ್ಟೇ ಬಂತು.

ಅದೇ ಗಳಿಗೆಗೆ ಒಳಕೋಣೆಯಿಂದ ಭಾಗ್ಯಶ್ರೀ ಕೂಗಿದಳು. "ಅತ್ತೀ, ಕೂಸು ಒದಿಯಾಕತ್ತೈತ್ರಿ!"

ಸುಹಾಸಿನಿ ಮುದುಕಿಯ ಕೈ ಹಿಡಿದುಕೊಂಡಳು. ನೋವಿಗಿಂತ ಹೆಚ್ಚು ಸುಟ್ಟಿದ್ದು ಮೋಸ. "ಅವ್ವಾ... ನಾ ನಿನ್ನ ಮಗಳು ಅಂದಿದ್ದಿಯಲ್ಲ?"

ಕೋಕಿಲಾಬಾಯಿಯ ಕಣ್ಣು ತುಂಬಿದ್ದವು. ಸುಹಾಸಿನಿಯ ಬೆರಳುಗಳನ್ನು ಒಂದೊಂದಾಗಿ ಬಿಡಿಸಿಕೊಂಡು ಆರತಿ ತಟ್ಟೆ ಎತ್ತಿದಳು.

"ಅದಕ್ಕ ತಂಗೀ ನಿನಗ ಹಾಕಿದ್ದು. ಬ್ಯಾರೇದಾಕಿ ಆಗಿದ್ರ ಮನಸಾರೆ ಉಡಿ ಒಡ್ಡತಿದ್ದಿಲ್ಲ," ಎಂದು ಸೊಸೆಯ ಕೋಣೆಗೆ ಹೋದಳು.