ಎರಡು ವಿಸಿಲ್

ಯಶ್ಮಿತಾ “ಡೆಬಿಟ್” ಎಂದಳೋ ಇಲ್ಲವೋ, ಹೊರಗೆ ಪೀಂ ಎಂದು ವಿಸಿಲ್ ಕೇಳಿತು. ನೆಟ್‌ಗೆ ಹಾಕಲು ಮೊಬೈಲಿನಲ್ಲಿ ಪಾಠ ರೆಕಾರ್ಡ್ ಮಾಡುತ್ತಿದ್ದವಳ ತಾಳ್ಮೆ ಕೆಟ್ಟಿತು. ಕುಕ್ಕುಂದೂರಿನ ಅವಳ ಮನೆಯ ಗೇಟಿನೆದುರೇ ಬಸ್‌ಸ್ಟಾಪ್. ಉಡುಪಿ ಬಸ್ಸಿನ ಕಂಡಕ್ಟರಿಗೆ ಅವಳ ಪಾಠದ ಹೊತ್ತೇ ಆಗಬೇಕು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದಳು.

“ನಿಮ್ಮ ಪೀಪಿ ಊದದೆ ಬಸ್ಸು ನಿಲ್ಲುವುದಿಲ್ವಾ? ನನ್ನ ಬಿ.ಕಾಂ. ಪಾಠದಲ್ಲೆಲ್ಲ ನಿಮ್ಮದೇ ವಿಸಿಲ್ ಉಂಟು!”

ಕಂಡಕ್ಟರ್ ಪ್ರಖ್ಯಾತ್ ಕಿವಿಯವರೆಗೆ ಕೆಂಪಾದ. “ಗೊತ್ತುಂಟು ಟೀಚರ್. ನಿಮ್ಮ ಎಲ್ಲ ಪಾಠ ನಾನು ನೋಡಿದ್ದೇನೆ.”

ಬೈಯಲು ಬಂದವಳು ಬರಿಗಾಲಲ್ಲೇ ಒಳಗೆ ಹಿಂತಿರುಗಿದಳು.

ತಂಗಿಯ ನರ್ಸಿಂಗ್ ಫೀಸಿಗಾಗಿ ತನ್ನ ಕಾಲೇಜು ಬಿಟ್ಟವನು ಆತ. ಈಗ ಬಿ.ಕಾಂ.ಗೆ ಮುಕ್ತ ವಿಶ್ವವಿದ್ಯಾಲಯ ಸೇರಿದ್ದ. ಅಲ್ಲಿಯ ಫೀಸು ಅವನ ಸಂಬಳಕ್ಕೆ ನಿಲುಕುತ್ತಿತ್ತು. ಟ್ಯೂಷನ್ ಎಂದರೆ ಯಶ್ಮಿತಾಳ ಪುಕ್ಕಟೆ ಪಾಠ. ಅವಳೂ ನೆಟ್‌ನಲ್ಲಿ ಇಂಥ ಪಾಠ ಕೇಳಿಯೇ ಎಂ.ಕಾಂ. ಮುಗಿಸಿದವಳು. ದುಡ್ಡು ಕೇಳು ಎಂದವರಿಗೆಲ್ಲ, ಪುಕ್ಕಟೆ ಸಿಕ್ಕಿದ್ದನ್ನು ಮಾರುವುದು ಹೇಗೆ ಎನ್ನುತ್ತಿದ್ದಳು.

ಮರುದಿನದಿಂದ ಆ ಸ್ಟಾಪಿನಲ್ಲಿ ವಿಸಿಲ್ ನಿಂತಿತು. ಪ್ರಖ್ಯಾತ್ ಬಸ್ಸಿನ ಬಾಗಿಲನ್ನು ಮೆಲ್ಲ ತಟ್ಟುತ್ತಿದ್ದ. ತಟ್ಟುವಾಗ ಕಿಟಕಿಯ ಕಡೆಗೊಂದು ನೋಟ. ಯಶ್ಮಿತಾ ನೋಡದವಳ ಹಾಗೆ ನೋಡುತ್ತಿದ್ದಳು. ಪಾಠ ಸ್ವಚ್ಛವಾಯಿತು, ಮನಸ್ಸು ಮಾತ್ರ ಗಲಿಬಿಲಿ. ತಟ್ಟಿದ್ದು ಕೇಳದ ದಿನ ಅವಳ ಲೆಕ್ಕ ತಪ್ಪುತ್ತಿತ್ತು.

ಕೊನೆಯ ಪರೀಕ್ಷೆ ಮುಗಿಸಿದವನು ಗೇಟಿಗೇ ಬಂದ. “ಪಾಸಾದರೆ ರಿಸಲ್ಟ್ ದಿನ ಇಲ್ಲಿ ವಿಸಿಲ್ ಊದ್ತೇನೆ. ಮತ್ತೆ ನಿಮ್ಮತ್ರ ಒಂದು ಕೇಳಲಿಕ್ಕುಂಟು.”

“ಫೇಲಾದರೆ?”

“ಮತ್ತೆ ಕೇಳುವುದೆಂತ?”

ರಿಸಲ್ಟಿನ ದಿನ ಬಸ್ಸು ಬಂದು ನಿಂತಿತು. ವಿಸಿಲ್ ಇಲ್ಲ. ಬಾಗಿಲು ತಟ್ಟಿದ್ದೂ ಇಲ್ಲ. ಅತ್ತು ಕೂರುವ ಹುಡುಗಿಯಲ್ಲ ಯಶ್ಮಿತಾ. ರೆಕಾರ್ಡಿಂಗ್ ನಿಲ್ಲಿಸಿ ಸೀದಾ ಬಸ್ಸು ಹತ್ತಿದಳು.

“ಕಾಸ್ಟಿಂಗ್ ಪೇಪರ್ ಹೋಯ್ತು ಟೀಚರ್,” ಎಂದ ಪ್ರಖ್ಯಾತ್, ತಲೆ ಎತ್ತದೆ. “ಉಳಿದದ್ದೆಲ್ಲ ಪಾಸ್.”

“ಒಂದೇ ಸಬ್ಜೆಕ್ಟಾ? ಇನ್ನೊಮ್ಮೆ ಬರೆಯುವುದು ಮಾರಾಯ್ರೇ! ಅಷ್ಟಕ್ಕೆ ನನ್ನತ್ರ ಕೇಳದೆ ಹೋಗುವುದಾ?”

“ನಿಮಗೆ ಡಿಗ್ರಿ ಇಲ್ಲದವ ಆಗ್ತದಾ?”

“ನನಗೆ ನೀವೇ ಆಗಬೇಕು. ಡಿಗ್ರಿ ಹಿಂದಿನಿಂದ ಬರಲಿ.”

ಮುಂದಿನ ಸೀಟಿನ ಅಜ್ಜಿಯೊಬ್ಬರು ಕಿಸಕ್ಕನೆ ನಕ್ಕರು. ಯಶ್ಮಿತಾ ಅವನ ಕೊರಳಲ್ಲಿ ತೂಗುತ್ತಿದ್ದ ವಿಸಿಲನ್ನು ಎಳೆದುಕೊಂಡಳು. ದಾರ ಗಿಡ್ಡ, ಅವನ ಮುಖವೂ ಜೊತೆಗೇ ಬಂತು. ಎರಡು ಸಲ ಊದಿದಳು. ಎರಡು ವಿಸಿಲ್ ಎಂದರೆ ಹೊರಡು ಎಂದರ್ಥ. ಡ್ರೈವರ್ ಶೇಖರಣ್ಣ ಹಿಂದೆ ತಿರುಗಿಯೂ ನೋಡದೆ ಗೇರ್ ಹಾಕಿದರು.

ಬಸ್ಸು ಓಲಾಡಿದಾಗ ಪ್ರಖ್ಯಾತ್ ಅವಳ ಕೈ ಹಿಡಿದ, ಬಿಡಲಿಲ್ಲ. “ಟಿಕೆಟ್ ಎಲ್ಲಿಗೆ ಟೀಚರ್?”

“ಮಣಿಪಾಲಕ್ಕೆ. ಮುಟ್ಟುವಾಗ ಕಾಸ್ಟಿಂಗಿನ ಮೊದಲ ಪಾಠ ಮುಗೀತದೆ. ಮತ್ತೆ, ಟೀಚರ್ ಅನ್ನುವುದು ಬಿಡಿ. ನನಗೆ ಹೆಸರುಂಟು.”

“ಯಶ್ಮಿತಾ!” ಎಂದ ಪ್ರಖ್ಯಾತ್, ಸ್ಟಾಪಿನ ಹೆಸರು ಕೂಗುವ ದನಿಯಲ್ಲಿ, ಇಡೀ ಬಸ್ಸಿಗೆ ಕೇಳುವ ಹಾಗೆ.