ಕೊಕ್ಕರೆಗಳು ಸೇರುವ ಕಲ್ಲು

ಬಹಳ ಹಿಂದೆ, ಏಳು ಬೆಟ್ಟಗಳ ಆಚೆಯ ರತ್ನಾವತಿ ರಾಜ್ಯದಲ್ಲಿ ಬೊಮ್ಮಕ್ಕ ಎಂಬವಳಿದ್ದಳು. ಅವಳೂ ಗಂಡ ಹೊನ್ನಯ್ಯನೂ ದೊಡ್ಡವರ ಅಂಗಳಗಳಿಗೆ ಚೌಕದ ಕಲ್ಲು ಹಾಸುವವರು. ಕರಾಳಜಂಘನೆಂಬ ಮಾಂತ್ರಿಕ ತನ್ನ ಕೋಟೆಯ ಅಂಗಳಕ್ಕೆ ಹೊನ್ನಯ್ಯನ ಕೈಯಲ್ಲಿ ಕಲ್ಲು ಹಾಸಿಸಿಕೊಂಡು, ಇಂಥ ಅಂಗಳ ಇನ್ನು ಯಾರಿಗೂ ಸಿಗಬಾರದೆಂದು ಅವನನ್ನು ಕೊಕ್ಕರೆ ಮಾಡಿಬಿಟ್ಟ.

ಗಂಡನನ್ನು ಬಿಡೆಂದು ಬೊಮ್ಮಕ್ಕ ಹೋಗಿ ಕೇಳಿದಳು. ಮಾಂತ್ರಿಕ ಮೂರು ದಿನದ ಪಂಥ ಒಡ್ಡಿದ. ನಗಾರಿಯ ಒಂದೊಂದು ಪೆಟ್ಟಿಗೂ ಕೊಕ್ಕರೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹಾರುತ್ತದೆ. ಎರಡು ಪೆಟ್ಟಿನ ಮೇಲೆ ಮಂಜು ಕವಿಯುತ್ತದೆ. ಹತ್ತನೆಯ ಪೆಟ್ಟಿಗೆ ಅದು ಇಳಿಯುವ ಕಲ್ಲಿನ ಬಳಿ ನಿಂತು ಮುಟ್ಟಬೇಕು. ಮೂರು ದಿನವೂ ಮುಟ್ಟಿದರೆ ಹೊನ್ನಯ್ಯನಿಗೆ ಬಿಡುಗಡೆ, ಒಂದು ಸಲ ಕೈ ತಪ್ಪಿದರೂ ಅವನು ಎಂದೆಂದಿಗೂ ಕೊಕ್ಕರೆಯೇ.

ಮೊದಲ ದಿನ ಕೊಕ್ಕರೆ ಗೋಡೆಗಳು ಕೂಡುವ ಮೂಲೆಯಿಂದ ಹೊರಟಿತು. ಒಂದು ಪೆಟ್ಟಿಗೆ ಪೂರ್ವಕ್ಕೆ ಒಂದು ಕಲ್ಲು, ಬಡಗಕ್ಕೆ ಎರಡು. ಮರುಪೆಟ್ಟಿಗೂ ಅಷ್ಟೇ. ಬೊಮ್ಮಕ್ಕ ಮಂಜಿನಲ್ಲಿ ಕಾಲಿನಿಂದ ಸಂದು ತಡವಿ ಎಣಿಸುತ್ತ ಪೂರ್ವಕ್ಕೆ ಹತ್ತು, ಬಡಗಕ್ಕೆ ಇಪ್ಪತ್ತು ಕಲ್ಲು ನಡೆದು ನಿಂತಳು. ರೆಕ್ಕೆ ಅಂಗೈಗೆ ತಗುಲಿತು. ಕೊಕ್ಕರೆಗೆ ಅವಳ ಗುರುತು ಹತ್ತಿತು.

ಎರಡನೆಯ ದಿನ ನಡಿಗೆ ಅದೇ. ಅವಳು ನಿನ್ನೆಯ ಕಲ್ಲಿನತ್ತಲೇ ಹೊರಟವಳು ಅರ್ಧದಲ್ಲಿ ನಿಂತಳು. ಇಂದು ಹಕ್ಕಿ ಹೊರಟಿದ್ದು ಮೂಲೆಯಿಂದಲ್ಲ, ಅದರಿಂದ ಬಡಗಕ್ಕೆ ಮೂರನೆಯ ಕಲ್ಲಿನಿಂದ. ಏರುವ ಓರೆ ಅದೇ, ಹೊರಟ ಜಾಗ ಬೇರೆ. ನಿನ್ನೆಯ ಕಲ್ಲು ದಾಟಿ ಬಡಗಕ್ಕೆ ಇನ್ನೂ ಮೂರು ಕಲ್ಲು ಹೋಗಿ ನಿಂತಳು. ಹಕ್ಕಿ ಅಲ್ಲೇ ಇಳಿಯಿತು. ಮುಟ್ಟಿದೊಡನೆ ಅದಕ್ಕೆ ಮಾತು ಬಂತು. "ಬೊಮ್ಮಕ್ಕಾ" ಎಂದಿತು.

ಮೂರನೆಯ ದಿನ ಮಾಂತ್ರಿಕ ಎರಡು ಕೊಕ್ಕರೆ ತಂದ. ಎರಡೂ ಹೊನ್ನಯ್ಯನ ದನಿಯಲ್ಲೇ ಅವಳನ್ನು ಕರೆದವು.

"ಒಂದು ನಿಜ, ಒಂದು ಹುಸಿ," ಎಂದ. "ಈ ಸಲ ಯಾವ ಪೆಟ್ಟಿಗಾದರೂ ಮುಟ್ಟು. ಆದರೆ ಒಂದೇ ಸಲ."

ಒಂದು ಮೂಲೆಯಿಂದ ಹೊರಟು ಮೊದಲಿನಂತೆ ಏರಿತು. ಇನ್ನೊಂದು ಮೂಲೆಯಿಂದ ಬಡಗಕ್ಕೆ ಇಪ್ಪತ್ತನಾಲ್ಕನೆಯ ಕಲ್ಲಿನಿಂದ ಹೊರಟು, ಪೆಟ್ಟಿಗೊಂದರಂತೆ ಪೂರ್ವಕ್ಕೆ ಹೋದಂತೆಲ್ಲ ತೆಂಕಕ್ಕೆ ಒಂದೊಂದು ಕಲ್ಲು ಇಳಿಯಿತು. ಮಂಜು ಕವಿಯಿತು. ಬೊಮ್ಮಕ್ಕ ನೆಲಕ್ಕೆ ಬಗ್ಗಿ ಇದ್ದಿಲಿನಿಂದ ಪುಟ್ಟ ಚೌಕಗಳನ್ನು ಬರೆದು, ಅವುಗಳ ಮೇಲೆ ಎರಡು ಗೆರೆ ಎಳೆದಳು. ಒಂದು ಏರಿತು, ಒಂದು ಇಳಿಯಿತು. ಎಂಟನೆಯ ಪೆಟ್ಟಿನಲ್ಲಿ, ಪೂರ್ವಕ್ಕೆ ಎಂಟು, ಬಡಗಕ್ಕೆ ಹದಿನಾರನೆಯ ಕಲ್ಲಿನಲ್ಲಿ ಎರಡೂ ಕೂಡಿದವು.

ಅವಳು ಅಲ್ಲಿಗೆ ನಡೆದು ಎರಡೂ ಕೈ ಚಾಚಿ ನಿಂತಳು. ಎಂಟನೆಯ ಪೆಟ್ಟು ಬಿತ್ತು. ಬಲಗೈಗೊಂದು, ಎಡಗೈಗೊಂದು ಹಕ್ಕಿ ಸಿಕ್ಕಿತು. ಹುಸಿ ಕೊಕ್ಕರೆ ಬೂದಿಯಾಗಿ ಉದುರಿತು. ಮಾಂತ್ರಿಕನ ಶಕ್ತಿಯೆಲ್ಲ ಇದ್ದದ್ದು ಅದರಲ್ಲೇ. ಅವನು ಬರಿಯ ಮುದುಕನಾಗಿ ಕೋಟೆಯ ಬಾಗಿಲು ದಾಟಿ ಹೋದ.

ಮಂಜು ಕರಗಿದಾಗ ಅವಳ ಕೈಯಲ್ಲಿ ಹೊನ್ನಯ್ಯನ ಕೈಯಿತ್ತು.

"ನನ್ನನ್ನು ಹೇಗೆ ಗುರುತು ಹಿಡಿದೆ?" ಎಂದು ಕೇಳಿದ.

"ಹಿಡಿಯಲಾಗಲಿಲ್ಲ ಕಣ್ರೀ. ಅದಕ್ಕೇ ಇಬ್ಬರೂ ಬರುವ ಕಡೆ ಹೋಗಿ ನಿಂತೆ."

ಇಬ್ಬರೂ ಮನೆಗೆ ಹೋದರು. ತಲೆ ನರೆತು ಹಲ್ಲು ಬೀಳುವವರೆಗೂ ಜೊತೆಯಾಗಿ ಕಲ್ಲು ಹಾಸುತ್ತ, ಒಂದೇ ಒಲೆಯ ಅನ್ನ ಉಣ್ಣುತ್ತ ಸುಖವಾಗಿದ್ದರು.